ಕನ್ನಡ ಕಥೋಲಿಕ ಬೈಬಲ್: ಒಂದು ಮಳೆಗಾಲ ದಾಟಿಸಿದ ಮೇಲೆ ಬರೀತಿರೋ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ದೇವರ ವಾಕ್ಯಕ್ಕೆ ಸ್ಟಾರ್ ಕೊಡೋಷ್ಟು ಅಧಿಕಪ್ರಸಂಗ ನಂಗಿಲ್ಲ. ನಾನು ಮಾರ್ಕ್ಸ್ ಹಾಕ್ತಿರೋದು ಕಾಗದಕ್ಕೆ, ಅಚ್ಚಿಗೆ, ಬೈಂಡಿಂಗಿಗೆ, ಅನುವಾದದ ಕನ್ನಡಕ್ಕೆ, ಆಮೇಲೆ ಅದನ್ನ ಮಾರೋರು ನಡ್ಕೊಳೋ ರೀತಿಗೆ. ಒಟ್ಟು ಐದಕ್ಕೆ ನಾಲ್ಕು. ಒಂದು ಯಾಕೆ ಕಟ್ ಮಾಡ್ದೆ ಅಂತ ಮುಂದೆ ಬರತ್ತೆ, ಸ್ವಲ್ಪ ಉದ್ದ ಇದೆ, ಟೀ ಇಟ್ಕೊಂಡು ಓದಿ.

ನಾನು ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಲ್ಲಿ ರೈಟರ್. ರೈಟರ್ ಅಂದ್ರೆ ಸಾಹಿತಿ ಅಲ್ಲಪ್ಪ, ಬೆಳಗ್ಗೆ ಆಳುಗಳ ಲೆಕ್ಕ ಬರೆಯೋದು, ಸಂಜೆ ಎಷ್ಟು ಕೆಜಿ ಹಣ್ಣು ಕುಯ್ದ್ರು ಅಂತ ತೂಕ ಹಾಕೋದು, ವಾರಕ್ಕೊಂದು ಸಲ ಬಟವಾಡೆ ಮಾಡೋದು, ಇಷ್ಟೇ. ಮನೇಲಿ ನಾನು, ನನ್ ಹೆಂಡ್ತಿ, ಇಬ್ರು ಮಕ್ಕಳು, ಜೊತೆಗೆ ನಮ್ಮತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡ್ಸೋಣ ಅಂದ್ರೆ ಒಂದ್ಸಲ ಶುಗರ್ ಜಾಸ್ತಿ, ಇನ್ನೊಂದ್ಸಲ ಮಳೆ, ಮತ್ತೊಂದ್ಸಲ ಕುಯ್ಲು, ಹಿಂಗೆ ಮುಂದಕ್ಕೆ ಹೋಗ್ತಾನೇ ಇದೆ. ಅತ್ತೆ ವಿಷಯ ಯಾಕೆ ಹೇಳ್ದೆ ಅಂದ್ರೆ ಈ ಪುಸ್ತಕ ತಗೊಂಡಿದ್ದು ನಾನಾದ್ರೂ ಅದನ್ನ ಜಾಸ್ತಿ ಬಳಸ್ತಿರೋರು ಅವ್ರು. ನಾನು ಓದ್ತೀನಿ, ಅವ್ರು ಕೇಳ್ತಾರೆ.

ನಿಜ ಹೇಳ್ಬೇಕು ಅಂದ್ರೆ ನಮ್ಮನೇಲಿ ಬೈಬಲ್ ಮೊದ್ಲೇ ಇತ್ತು. ಮದುವೆಗೆ ಯಾರೋ ಉಡುಗೊರೆ ಕೊಟ್ಟಿದ್ದು, ಚಿನ್ನದ ಅಂಚಿಂದು, ದಪ್ಪದ್ದು. ಹತ್ತು ವರ್ಷ ಪೀಠದ ಮೇಲೆ ಪ್ಲಾಸ್ಟಿಕ್ ಹೂವಿನ ಪಕ್ಕ ಕೂತಿತ್ತು, ಅದ್ರೊಳಗೆ ಕರೆಂಟ್ ಬಿಲ್ಲು, ಮಗಳ ಪಾಸ್‌ಪೋರ್ಟ್ ಸೈಜ್ ಫೋಟೋ, ಗರಿಗಳ ಭಾನುವಾರ ಕೊಟ್ಟ ತೆಂಗಿನ ಗರಿ ಶಿಲುಬೆ ಎಲ್ಲಾ ಇಡ್ತಿದ್ವಿ, ದಿನಾ ಮುಂದೆ ಮೇಣದ ಬತ್ತಿ ಹಚ್ತಿದ್ವಿ, ತೆಗೆದು ಓದಿದ್ದು ಮಾತ್ರ ಕಮ್ಮಿ. ಒಂದಿನ ಒರೆಸೋಕೆ ಅಂತ ಎತ್ತಿದ್ರೆ ಕೆಳಗಿಂದ ಮಣ್ಣು ಉದುರ್ತು. ಗೆದ್ದಲು. ನಮಗಿಂತ ಮುಂಚೆ ಗೆದ್ದಲು ಓದಕ್ಕೆ ಶುರು ಮಾಡಿ ಆದಿಕಾಂಡದಿಂದ ಅರಸರ ಕಾಲದವರೆಗೂ ಮುಗಿಸ್ಬಿಟ್ಟಿತ್ತು. ನಾಚಿಕೆ ಆಯ್ತು ಕಣ್ರೀ, ಸುಳ್ಳು ಯಾಕೆ ಹೇಳ್ಲಿ.

ಅದಾದ್ ಸ್ವಲ್ಪ ದಿನಕ್ಕೆ ಚರ್ಚಲ್ಲಿ ವಾಚನ, ಅಂದ್ರೆ ಪೂಜೆ ಹೊತ್ತಲ್ಲಿ ಬೈಬಲಿನ ಭಾಗ, ಓದೋರ ಪಟ್ಟಿಗೆ ನನ್ ಹೆಸರೂ ಸೇರಿಸಿದ್ರು. ನಂಗೆ ಬಂದಿದ್ದು ಪೆಂತೆಕೋಸ್ತ್ ಹಬ್ಬದ ಮೊದಲನೇ ವಾಚನ. ಗೊತ್ತಿರೋರು ಈಗಲೇ ನಗ್ತಿರ್ತೀರ. ಪ್ರೇಷಿತರ ಕಾರ್ಯಕಲಾಪದ ಎರಡನೇ ಅಧ್ಯಾಯ ಅದು, ಪವಿತ್ರಾತ್ಮ ಇಳಿದು ಬಂದಾಗ ಯಾವ್ಯಾವ ದೇಶದೋರು ಅಲ್ಲಿದ್ರು ಅಂತ ಒಂದು ದೊಡ್ಡ ಪಟ್ಟಿ, ಪಾರ್ಥಿಯದೋರು, ಮೆಸೊಪೊಟೇಮಿಯ, ಕಪ್ಪದೋಕ್ಯ, ಫ್ರಿಜಿಯ, ಪಂಫೀಲಿಯ ಅಂತ. ನಾನು ಮನೇಲಿ ಒಂದ್ಸಲನೂ ಓದ್ಕೊಳ್ದೆ ಸೀದಾ ಮೈಕ್ ಮುಂದೆ ನಿಂತೆ. ಪಂಫೀಲಿಯ ಬರೋ ಹೊತ್ತಿಗೆ ನನ್ ನಾಲಿಗೆ ಎಲ್ಲಿತ್ತೋ ಗೊತ್ತಿಲ್ಲ, ಮುಂದಿನ ಬೆಂಚಲ್ಲಿ ಧರ್ಮೋಪದೇಶದ ಮಕ್ಕಳು ಕಿಸಕ್ ಅಂದ್ವು. ಪೂಜೆ ಮುಗಿದ ಮೇಲೆ ಫಾದರ್ ಬೈಲಿಲ್ಲ, ಹೆಗಲ ಮೇಲೆ ಕೈ ಹಾಕಿ "ಮನೇಲಿ ಒಂದ್ಸಲ ಜೋರಾಗಿ ಓದ್ಕೊಂಡು ಬನ್ನಿ, ಜನಕ್ಕೆ ಅದು ಕಿವೀಲಿ ಬೀಳ್ಬೇಕಲ್ವಾ" ಅಂದ್ರು ಅಷ್ಟೇ. ಆ ಮಾತು ತಲೇಲಿ ಕೂತ್ಕೊಂಡ್ತು. ಪುಸ್ತಕ ತಗೋಬೇಕು ಅನ್ನೋ ಕಥೆ ಶುರುವಾಗಿದ್ದು ಅಲ್ಲಿಂದ.

ಫಸ್ಟ್ ತಪ್ಪು ಮಾಡಿದ್ದು ಆನ್‌ಲೈನಲ್ಲಿ. ಫೋಟೋದಲ್ಲಿ ಕಪ್ಪು ರಟ್ಟು, ಮೇಲೆ ಶಿಲುಬೆ, ಕನ್ನಡ ಅಕ್ಷರ, ರೇಟೂ ಕಮ್ಮಿ, ಒತ್ತಿದೆ, ನಾಲ್ಕು ದಿನಕ್ಕೆ ಬಂತು. ಚೆನ್ನಾಗೇ ಇತ್ತು. ಅಕ್ಟೋಬರಲ್ಲಿ ನಾದಿನಿ ಮದುವೆ ಫಿಕ್ಸ್ ಆಯ್ತು, ಮದುವೆ ಪೂಜೆಗೆ ವಾಚನ ನೀವೇ ಆರಿಸ್ಕೊಳಿ ಅಂತ ಫಾದರ್ ಹೇಳಿದ್ರು, ಅತ್ತೆ ಒಂದೇ ಮಾತಲ್ಲಿ ತೊಬಿತನ ಗ್ರಂಥ ಅಂದ್ರು, ಮದುವೆ ರಾತ್ರಿ ತೊಬಿಯಾಸನೂ ಸಾರಾನೂ ಎದ್ದು ನಿಂತು ಪ್ರಾರ್ಥನೆ ಮಾಡೋ ಭಾಗ. ನಾನು ಹೊಸ ಪುಸ್ತಕ ತೆಗೆದು ಹುಡುಕ್ತೀನಿ ಹುಡುಕ್ತೀನಿ, ಇಲ್ಲ. ಪರಿವಿಡಿ ನೋಡಿದ್ರೆ ಇಲ್ಲ. ಅತ್ತೆ ಅಡುಗೆಮನೆಯಿಂದಲೇ "ಎಷ್ಟು ಗ್ರಂಥ ಇದೆ ಎಣಿಸಪ್ಪ" ಅಂದ್ರು. ಎಣಿಸಿದೆ, 66. "ನಮ್ದಲ್ಲ ಅದು" ಅಂದ್ರು, ಒಗ್ಗರಣೆ ಹಾಕ್ತಾ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನ್ ಥರ ಮೋಸ ಹೋಗೋರು ತುಂಬಾ ಜನ ಇದಾರೆ. ಮೋಸ ಅಂದ್ರೆ ಮಾರಿದೋರ ತಪ್ಪೇನಿಲ್ಲ, ಅದು ಪ್ರೊಟೆಸ್ಟಂಟ್ ಸಭೆಗಳೋರು ಓದೋ ಸತ್ಯವೇದ, ಅವರಿಗೆ ಅದೇ ಸರಿ. ಕಥೋಲಿಕ ಬೈಬಲಲ್ಲಿ 73 ಗ್ರಂಥ, ಹಳೇ ಒಡಂಬಡಿಕೇಲಿ 46, ಹೊಸದ್ರಲ್ಲಿ 27. ಹೊಸದು ಇಬ್ರಿಗೂ ಒಂದೇ. ವ್ಯತ್ಯಾಸ ಇರೋದು ಹಳೇದ್ರಲ್ಲಿ, ತೊಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಗ್ರಂಥ, ಒಟ್ಟು ಏಳು, ಜೊತೆಗೆ ಎಸ್ತೇರಳ ಗ್ರಂಥದಲ್ಲೂ ದಾನಿಯೇಲನ ಗ್ರಂಥದಲ್ಲೂ ಒಂದಷ್ಟು ಭಾಗ ಜಾಸ್ತಿ. ಇವು ಹಳೇ ಗ್ರೀಕ್ ಅನುವಾದದಲ್ಲಿ ಇದ್ವು, ಹೀಬ್ರೂ ಪಟ್ಟೀಲಿ ಇರ್ಲಿಲ್ಲ, ಹದಿನಾರನೇ ಶತಮಾನದಲ್ಲಿ ಪ್ರೊಟೆಸ್ಟಂಟರ ಜೊತೆ ಜಗಳ ಜೋರಾದಾಗ ಕಥೋಲಿಕ ಬಿಷಪ್ಪರ ತ್ರೆಂತ್ ಮಹಾಸಭೆ 1546ರಲ್ಲಿ ಇವೂ ಪವಿತ್ರ ಗ್ರಂಥನೇ ಅಂತ ಪಟ್ಟಿ ಮಾಡಿ ಮೊಹರು ಒತ್ತಿಬಿಡ್ತು. ಪಾಠ ಸಾಕು. ನಮಗೆ ದಿನನಿತ್ಯಕ್ಕೆ ಯಾಕೆ ಬೇಕು ಅಂದ್ರೆ ಮದುವೆಗೆ ತೊಬಿತ ಬೇಕು, ಸಾವಿನ ಪೂಜೆಗೆ ನೀತಿವಂತರ ಆತ್ಮ ದೇವರ ಕೈಯಲ್ಲಿದೆ ಅನ್ನೋ ಜ್ಞಾನಗ್ರಂಥದ ಮಾತು ಬೇಕು, ಸತ್ತವರಿಗೋಸ್ಕರ ಪ್ರಾರ್ಥನೆ ಮಾಡೋದು ಎಲ್ಲಿದೆ ತೋರ್ಸಿ ಅಂತ ಪಕ್ಕದ ಮನೆಯೋರು ಕೇಳಿದ್ರೆ ಮಕ್ಕಬಿಯರ ಎರಡನೇ ಗ್ರಂಥದ ಹನ್ನೆರಡನೇ ಅಧ್ಯಾಯ ಬೇಕು. ಮದುವೆ, ಸಾವು ಎರಡಕ್ಕೂ ಕೈ ಕೊಟ್ಟ ಪುಸ್ತಕ ಇಟ್ಕೊಂಡು ಏನ್ ಮಾಡ್ಲಿ, ಅದನ್ನ ಪಕ್ಕದ ಮನೆಯೋರಿಗೇ ಕೊಟ್ಟೆ, ಖುಷಿಯಾಗಿ ತಗೊಂಡ್ರು.

ಸರಿ, ಡಿಸೆಂಬರಲ್ಲಿ ಒಂದಿನ ರಜ ಹಾಕಿ ಹಾಸನಕ್ಕೆ ಬಸ್ ಹತ್ತಿದೆ. ಮೇಣದ ಬತ್ತಿ, ಜಪಸರ, ಪ್ರತಿಮೆ ಎಲ್ಲಾ ಮಾರೋ ಒಂದು ಪುಟ್ಟ ಅಂಗಡಿ. ಯಾವ್ದು ಅಂತ ಹೇಳಲ್ಲ, ಆಮೇಲೆ ಅವರಿಗೂ ನಂಗೂ ಬೇಜಾರು. ಬೈಬಲ್‌ಗಳೆಲ್ಲಾ ಪ್ಲಾಸ್ಟಿಕ್ ಕವರಲ್ಲಿ ಪ್ಯಾಕ್ ಆಗಿದ್ವು. ತೆಗೆದು ನೋಡ್ಬಹುದಾ ಅಂದೆ, "ತಗೊಳೋದಾದ್ರೆ ತೆಗೀರಿ" ಅಂದ್ರು. ದೇವರ ಪುಸ್ತಕದ ಮೇಲೆ ಎಂಥ ಅನುಮಾನ ಅಂತ ನಾನೂ ಸುಮ್ನೆ ದುಡ್ಡು ಕೊಟ್ಟು ಬ್ಯಾಗಿಗೆ ಹಾಕ್ಕೊಂಡೆ. ಬಸ್ಸಲ್ಲಿ ಕವರ್ ಹರಿದು ನೋಡ್ತೀನಿ, ಸಿರಾಖನ ಮಧ್ಯದಲ್ಲಿ ಹದಿನಾರು ಪುಟ ಇಲ್ಲ, ಅದ್ರ ಬದಲಿಗೆ ಅದಕ್ಕೆ ಮುಂಚಿನ ಹದಿನಾರು ಪುಟನೇ ಇನ್ನೊಂದ್ಸಲ ಹೊಲಿದು ಹಾಕಿದಾರೆ. ಬೈಂಡಿಂಗ್ ಮಾಡೋವಾಗ ಒಂದು ಫಾರಂ ಎರಡು ಸಲ ಸೇರಿಕೊಂಡಿದೆ, ಆಗತ್ತೆ, ಮನುಷ್ಯರ ಕೆಲಸ. ಆದ್ರೆ ಮುಂದಿನ ವಾರ ವಾಪಸ್ ಕೊಡಕ್ಕೆ ಹೋದ್ರೆ "ಸೀಲ್ ಒಡೆದಿದೆ, ತಗೊಳಲ್ಲ" ಅಂತ. ಸೀಲ್ ಒಡೀದೆ ಒಳಗೆ ಪುಟ ಇಲ್ಲ ಅಂತ ನಂಗೆ ಹೆಂಗ್ರೀ ಗೊತ್ತಾಗ್ಬೇಕು, ನಾನೇನು ಪ್ರವಾದಿನಾ? ಅರ್ಧ ಗಂಟೆ ವಾದ ಆಯ್ತು. ಕೊನೆಗೆ ಒಳಗಿಂದ ಒಬ್ರು ವಯಸ್ಸಾದ ಸಿಸ್ಟರ್ ಬಂದು ಪುಸ್ತಕ ತಿರುಗಿಸಿ ನೋಡಿ, ಒಂದೂ ಮಾತಾಡ್ದೆ ಬೇರೆ ಪ್ರತಿ ತೆಗೆದು, ತಾವೇ ಸೀಲ್ ಒಡೆದು, ಎದುರಿಗೇ ಪುಟ ಸರ್‌ಸರ್ ಅಂತ ಮಗುಚಿ ತೋರ್ಸಿ ಕೊಟ್ರು. ಆ ಒಂದು ಸ್ಟಾರ್ ಹೋಗಿದ್ದು ಇಲ್ಲೇ. ಆ ಸಿಸ್ಟರ್‌ಗೆ ಬೇರೆ ಐದು ಸ್ಟಾರ್.

ತಗೊಳೋರಿಗೆ ಇಷ್ಟು ಹೇಳ್ತೀನಿ, ಪರಿವಿಡೀಲಿ ತೊಬಿತ ಇದೆಯಾ ನೋಡಿ, ಅದಿದ್ರೆ ಉಳಿದದ್ದೂ ಇರತ್ತೆ. ಮುಂದಿನ ಪುಟಗಳಲ್ಲಿ ಧರ್ಮಾಧ್ಯಕ್ಷರ, ಅಂದ್ರೆ ಬಿಷಪ್ಪರ, ಮಂಡಳಿ ಒಪ್ಪಿಗೆ ಅಚ್ಚಾಗಿದೆಯಾ ನೋಡಿ, ಕಥೋಲಿಕರಿಗೆ ಅಂತ ಬರೋ ಅನುವಾದಕ್ಕೆ ಆ ಒಪ್ಪಿಗೆ ಬೇಕೇ ಬೇಕು, ಧರ್ಮಸಭೆ ಕಾನೂನೇ ಹಂಗಿದೆ. ಆಮೇಲೆ ಪುಟ ಮಗುಚಿ. ಅಂಗಡಿಯೋರು ಮುಖ ಸಿಂಡರಿಸಿದ್ರೂ ಮಗುಚಿ.

ಈಗ ಪುಸ್ತಕಕ್ಕೆ ಬರೋಣ. ಕಾಗದ ತೆಳು, ಈರುಳ್ಳಿ ಸಿಪ್ಪೆ ಥರ, ಹಿಂದಿನ ಪುಟದ ಅಕ್ಷರ ಮಬ್ಬಾಗಿ ಕಾಣ್ಸತ್ತೆ, ರಾತ್ರಿ ವೋಲ್ಟೇಜ್ ಕಮ್ಮಿ ಇದ್ದಾಗ ಕಷ್ಟ. ಫಾಂಟ್ ಚಿಕ್ಕದು, ನಂಗೇ ಕನ್ನಡಕ ಬೇಕು, ಅತ್ತೆಗೆ ಪ್ರಶ್ನೆನೇ ಇಲ್ಲ. 73 ಗ್ರಂಥ ಒಂದೇ ಸಂಪುಟದಲ್ಲಿ ಹಿಡಿಸ್ಬೇಕು ಅಂದ್ರೆ ಹಿಂಗೇ ಆಗೋದು, ದೊಡ್ಡಕ್ಷರ ಬೇಕು ಅನ್ನೋರು ಹೊಸ ಒಡಂಬಡಿಕೆನೂ ಕೀರ್ತನೆಗಳೂ ಸೇರಿದ ಬೇರೆ ಪ್ರತಿ ಸಿಕ್ಕಿದ್ರೆ ತಗೊಳಿ. ಟಿಪ್ಪಣಿ ಇನ್ನೂ ಇರ್ಬೇಕಿತ್ತು ಅನ್ಸತ್ತೆ, ಕೆಲವು ಕಡೆ ಆ ಕಾಲದ ಪದ್ಧತಿ ಏನು ಅಂತ ಗೊತ್ತಾಗ್ದೆ ಫಾದರ್‌ಗೆ ಫೋನ್ ಮಾಡಿ ಕೇಳಿದೀನಿ.

ಮಳೆಗಾಲದ ವಿಷಯ. ನಮ್ ಕಡೆ ಜೂನಿಂದ ಸೆಪ್ಟೆಂಬರ್‌ವರೆಗೂ ಬೆಲ್ಟು, ಚಪ್ಪಲಿ, ಗೋಡೆ ಮೇಲಿನ ಕ್ಯಾಲೆಂಡರ್ ಎಲ್ಲದಕ್ಕೂ ಬೂಷ್ಟು ಹಿಡಿಯತ್ತೆ, ಪುಸ್ತಕ ಯಾವ ಲೆಕ್ಕ. ಜುಲೈ ಎರಡನೇ ವಾರಕ್ಕೆ ರಟ್ಟಿನ ಮೇಲೆ ಬೆಳ್ಳಗೆ ಪೌಡರ್ ಹಾಕ್ದಂಗೆ ಆಯ್ತು, ಪುಟಗಳು ಅಲೆ ಅಲೆಯಾಗಿ ಎದ್ದು ಪುಸ್ತಕ ಮುಚ್ಚಿದ್ರೂ ಬಾಯಿ ತೆರ್ಕೊಂಡೇ ಇರ್ತಿತ್ತು. ಮೊದಲನೇ ಬೈಬಲಿನ ಗತಿ ನೆನಪಾಗಿ ಹೆದರಿಕೆ ಆಯ್ತು. ನನ್ ಹೆಂಡ್ತಿ ಅದನ್ನ ಬಟ್ಟೇಲಿ ಸುತ್ತಿ ಒಲೆ ಮೇಲಿನ ಹಲಗೇಲಿ ಇಟ್ಳು, ಏಲಕ್ಕಿ ಒಣಗಿಸೋ ಜಾಗ ಅದು. ಬೂಷ್ಟು ಹೋಯ್ತು, ಬೈಂಡಿಂಗ್ ಬಿಡ್ಲಿಲ್ಲ, ಹೊಲಿಗೆ ಗಟ್ಟಿ ಇದೆ. ಈಗಲೂ ಯೆಶಾಯನ ಗ್ರಂಥ ತೆಗೆದ್ರೆ ಏಲಕ್ಕಿ ಘಮ ಬರತ್ತೆ, ಹೊಗೆ ವಾಸನೆನೂ ಸೇರಿ. ಚರ್ಚಲ್ಲಿ ಧೂಪ ಹಾಕ್ತಾರಲ್ಲ, ನಮ್ಮನೇದು ಇದೇ ಧೂಪ ಅಂತಾರೆ ಅತ್ತೆ.

ಆಪ್ ಇದೆಯಲ್ಲ, ಪುಸ್ತಕ ಯಾಕೆ ಅಂತ ಎಸ್ಟೇಟ್ ಆಫೀಸಲ್ಲಿ ಒಬ್ರು ಕೇಳಿದ್ರು. ಇದೆ, ನನ್ ಫೋನಲ್ಲೂ ಇದೆ, ಬೈಬಲ್ ಆಪಲ್ಲಿ ಕನ್ನಡ ಸಿ.ಎಲ್. (ಕಾಮನ್ ಲಾಂಗ್ವೇಜ್) ಅಂತ ಇರೋದನ್ನ ಆರಿಸ್ಕೊಂಡ್ರೆ ನಾವು ಚರ್ಚಲ್ಲಿ ಕೇಳೋ ಥರದ ಕನ್ನಡದ್ದು ಸಿಗತ್ತೆ. ತೂಕದ ಹತ್ರ ಕಾಯ್ತಾ ಕೂತಾಗ ಅದೇ ಓದೋದು. ಆದ್ರೆ ಮನೇಲಿ ಫೋನ್ ತೆಗೆದು ಓದ್ತಿದ್ರೆ ಮಧ್ಯದಲ್ಲಿ ಮೇಸ್ತ್ರಿ ಕಾಲ್ ಬರತ್ತೆ, ಮಕ್ಕಳು ಬಂದು ಇಣುಕ್ತವೆ, ಪ್ರಾರ್ಥನೆ ಅಲ್ಲಿಗೆ ಮುಗೀತು. ಪೂಜೇಲಿ ನೋಡಿ, ಶುಭಸಂದೇಶದ ಪುಸ್ತಕನ, ಅಂದ್ರೆ ಯೇಸುಸ್ವಾಮಿ ಕಥೆ ಇರೋದನ್ನ, ಎರಡೂ ಕೈಯಲ್ಲಿ ಎತ್ತಿ ಮೆರವಣಿಗೇಲಿ ತರ್ತಾರೆ, ಹಬ್ಬದ ದಿನ ಧೂಪ ಹಾಕ್ತಾರೆ, ಓದಿದ ಮೇಲೆ ಫಾದರ್ ಅದಕ್ಕೆ ಮುತ್ತಿಡ್ತಾರೆ, ನಾವೆಲ್ಲಾ ಎದ್ದು ನಿಂತು ಹಣೆ, ತುಟಿ, ಎದೆ ಮೇಲೆ ಪುಟ್ಟ ಶಿಲುಬೆ ಹಾಕ್ಕೊಳ್ತೀವಿ. ಇಷ್ಟು ಮರ್ಯಾದೆ ಫೋನಿಗೆ ಕೊಡಕ್ಕಾಗತ್ತಾ?

ಇನ್ನು ಕನ್ನಡ. ಇದಕ್ಕೆ ನನ್ ಕಡೆಯಿಂದ ಪೂರ್ತಿ ಮಾರ್ಕ್ಸ್. ಹಳೇ ಸತ್ಯವೇದದಲ್ಲಿ ಯೆಹೋವ ಅಂತ ಇರೋ ಕಡೆ ಇದ್ರಲ್ಲಿ ಸರ್ವೇಶ್ವರ ಅಂತ ಇದೆ. ಪೂಜೇಲಿ ಆ ಹೀಬ್ರೂ ಹೆಸರು ಉಚ್ಚರಿಸ್ಬಾರ್ದು ಅಂತ ರೋಮಿಂದ 2008ರಲ್ಲಿ ಪತ್ರ ಬಂದಿತ್ತು, ಕನ್ನಡದೋರಿಗೆ ಅದ್ರಿಂದ ಏನೂ ತೊಂದ್ರೆ ಆಗಿರ್ಲಿಲ್ಲ ಬಿಡಿ. ಅಲ್ಲಿ ಸುವಾರ್ತೆ, ಇಲ್ಲಿ ಶುಭಸಂದೇಶ, ಅಲ್ಲಿ ಯೋಹಾನ, ಇಲ್ಲಿ ಯೊವಾನ್ನ. ಯೇಸುಸ್ವಾಮಿ ಅಂತ ಬಾಯ್ತುಂಬ ಬರೆದಿದಾರೆ. ಕೀರ್ತನೆಗಳನ್ನ ಪದ್ಯದ ಸಾಲು ಮಾಡಿ ಕೊಟ್ಟಿರೋದ್ರಿಂದ ಓದ್ತಾ ಓದ್ತಾ ರಾಗ ತಾನೇ ಬರತ್ತೆ, ವಚನ ಓದಿ ಅಭ್ಯಾಸ ಇರೋರಿಗೆ ಇನ್ನೂ ಹತ್ತಿರ ಅನ್ಸತ್ತೆ. ವಾಕ್ಯಗಳು ಚಿಕ್ಕವು, ಜೋರಾಗಿ ಓದಿದ್ರೆ ಉಸಿರು ಕಟ್ಟಲ್ಲ. ಇದು ನಂಗೆ ಮುಖ್ಯ, ಯಾಕಂದ್ರೆ ನಾನು ಓದೋದು ನಂಗೋಸ್ಕರ ಅಲ್ಲ, ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿರೋರಿಗೆ. ಒಂದೇ ಕಂಪ್ಲೇಂಟು, ಕೆಲವು ಕಡೆ ಸಂಸ್ಕೃತ ಜಾಸ್ತಿ ಆಗಿ ಮಗ "ಅಂದ್ರೆ ಏನಪ್ಪಾ" ಅಂತ ಮಧ್ಯದಲ್ಲಿ ತಡೀತಾನೆ.

ಅತ್ತೆ ಬಗ್ಗೆ ಹೇಳ್ದೆ ಈ ರಿವ್ಯೂ ಮುಗಿಯಲ್ಲ. ಅವ್ರ ತವರು ಶೆಟ್ಟಿಹಳ್ಳಿ ಕಡೆ, ಅದೇ, ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಮುಳುಗತ್ತಲ್ಲ, ಈಗ ಎಲ್ರೂ ಹೋಗಿ ಫೋಟೋ ತೆಗೀತಾರಲ್ಲ, ಅಲ್ಲಿಯೋರು. ನಿಮಗೆ ಅದು ಫೋಟೋ ಜಾಗ, ಅವರಿಗೆ ಊರ ಚರ್ಚು. ಅವ್ರು ಚಿಕ್ಕೋರಿದ್ದಾಗ ಪೂಜೆ ಲತೀನಲ್ಲಿ. ಫಾದರ್ ಪೀಠದ ಕಡೆ ಮುಖ ಮಾಡಿ ಏನೋ ಹೇಳ್ತಿದ್ರಂತೆ, ಇವ್ರು ಹಿಂದೆ ಚಾಪೆ ಮೇಲೆ ಕೂತು ಜಪಸರ ಮಾಡ್ತಿದ್ರಂತೆ. ಬೈಬಲ್ ಮನೇಲಿ ಇರ್ಲೇ ಇಲ್ಲ, ಉಪದೇಶಿ ಬಂದು ಕಥೆ ಹೇಳಿದ್ದೇ ಬೈಬಲ್ಲು. ಆದ್ರೂ ಒಂದು ವಿಷಯ ಗಮನಿಸಿದೀನಿ, ನಾನು ಲೂಕನ ಮೊದಲನೇ ಅಧ್ಯಾಯ ಓದಕ್ಕೆ ಶುರು ಮಾಡಿದ್ರೆ ಅತ್ತೆ ತುಟಿ ತಾನಾಗೇ ಆಡತ್ತೆ, ಯಾಕಂದ್ರೆ ನಮೋ ಮರಿಯ ಪ್ರಾರ್ಥನೆಯ ಮೊದಲರ್ಧ ಅಲ್ಲಿಂದಲೇ ಬಂದಿದ್ದು, ಗಬ್ರಿಯೇಲ್ ದೂತ ಹೇಳಿದ್ದು, ಎಲಿಜಬೇತಮ್ಮ ಹೇಳಿದ್ದು. ಜಪಸರದಲ್ಲಿ ದಿನಕ್ಕೆ ಐವತ್ಮೂರು ಸಲ ಶುಭಸಂದೇಶ ಬಾಯಿಪಾಠ ಹೇಳ್ತಿದ್ದೋರಿಗೆ ನೀವು ಬೈಬಲ್ ಓದಿಲ್ಲ ಅನ್ನಕ್ಕೆ ನಾನ್ಯಾರು.

ಲತೀನ್ ಹೋಗಿ ಕನ್ನಡ ಬಂದಿದ್ದು, ಮನೆಮನೆಗೂ ಬೈಬಲ್ ಅನ್ನೋದು ಶುರುವಾಗಿದ್ದು ಎಲ್ಲಾ ಪ್ರಪಂಚದ ಕಥೋಲಿಕ ಬಿಷಪ್ಪರು ರೋಮಲ್ಲಿ ಸೇರಿದ ಎರಡನೇ ವತಿಕನ್ ಮಹಾಸಭೆ ಆದ್ಮೇಲೆ. ದೇವರ ವಾಕ್ಯದ ಬಗ್ಗೆನೇ ದೇಯಿ ವೆರ್ಬುಮ್ ಅಂತ ಒಂದು ದಸ್ತಾವೇಜು ಬಂತು 1965ರ ನವೆಂಬರ್ 18ಕ್ಕೆ, ಪರವಾಗಿ 2344 ಮತ, ವಿರೋಧ ಬರೀ 6. ಅದ್ರಲ್ಲಿ ಒಂದು ಮಾತಿದೆ, ಧರ್ಮಸಭೆ ಪ್ರಭುವಿನ ಶರೀರಕ್ಕೆ ಕೊಡೋ ಗೌರವವನ್ನೇ ಪವಿತ್ರ ಗ್ರಂಥಕ್ಕೂ ಕೊಡ್ತಾ ಬಂದಿದೆ ಅನ್ನೋ ಅರ್ಥದ್ದು. ಪರಮಪ್ರಸಾದದ, ಅಂದ್ರೆ ಪೂಜೇಲಿ ಪ್ರಭುವಿನ ಶರೀರ ಅಂತ ಕೊಡೋ ರೊಟ್ಟಿಯ, ಒಂದು ಚೂರು ಕೆಳಗೆ ಬಿದ್ರೆ ನಾವು ಹೆಂಗೆ ಹೆದರ್ತೀವಿ, ವಾಕ್ಯ ಕಿವಿ ಪಕ್ಕದಲ್ಲಿ ಬಿದ್ದು ಹೋದ್ರೆ ಏನೂ ಅನ್ಸಲ್ಲ. ವಿಶ್ವಾಸಿಗಳಿಗೆಲ್ಲಾ ಬೈಬಲ್ ಸುಲಭವಾಗಿ ಸಿಗ್ಬೇಕು ಅಂತಲೂ ಅದ್ರಲ್ಲೇ ಹೇಳಿದಾರೆ, ಬೈಬಲ್ ಗೊತ್ತಿಲ್ದೆ ಇರೋದು ಕ್ರಿಸ್ತರನ್ನೇ ಗೊತ್ತಿಲ್ದೆ ಇರೋದು ಅನ್ನೋ ಸಂತ ಜೆರೋಮರ ಮಾತನ್ನೂ ಸೇರಿಸಿದಾರೆ. ನಮ್ಮ ಕಡೆಯೋರು ಹೆಮ್ಮೆ ಪಡೋ ವಿಷಯ ಒಂದಿದೆ, ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ, ಅಂದ್ರೆ ಒಬ್ಬ ಬಿಷಪ್ಪರ ಕೈಕೆಳಗಿನ ಪ್ರಾಂತ್ಯ, ಹುಟ್ಟಿದ್ದೇ ಆ ಮಹಾಸಭೆ ನಡೀತಿದ್ದಾಗ, 1963ರಲ್ಲಿ, ಹಾಸನ ಜಿಲ್ಲೆನೂ ಅದಕ್ಕೇ ಸೇರತ್ತೆ. ಮೊದಲನೇ ಧರ್ಮಾಧ್ಯಕ್ಷರು ಅಲ್ಫೋನ್ಸಸ್ ಮಥಾಯಸ್ ಅವ್ರು ಆ ಮಹಾಸಭೇಲಿ ಕೂತಿದ್ದೋರು, ಆಮೇಲೆ ಬೆಂಗಳೂರಿಗೆ ಹೋದ್ರು, 2024ರಲ್ಲಿ ತೀರ್ಕೊಂಡ್ರು.

ಓದೋ ರೀತಿ ಬಗ್ಗೆನೂ ಹೇಳ್ತೀನಿ, ಯಾಕಂದ್ರೆ ಪುಸ್ತಕ ತಂದು ಆದಿಕಾಂಡದಿಂದ ಶುರು ಮಾಡಿ ಯಾಜಕಕಾಂಡದಲ್ಲಿ ಸುಸ್ತಾಗಿ ನಿಲ್ಸೋರೇ ಜಾಸ್ತಿ, ನಾನೂ ಒಬ್ಬ. ಅದ್ರ ಬದಲು ಪೂಜೆಯ ವಾಚನದ ಹಿಂದೆ ಹೋಗಿ. ಭಾನುವಾರದ ವಾಚನ ಮೂರು ವರ್ಷಕ್ಕೆ ಒಂದು ಸುತ್ತು, ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ಯೊವಾನ್ನರದು ಪಾಸ್ಖ (ಈಸ್ಟರ್) ಕಾಲದಲ್ಲಿ ಜಾಸ್ತಿ ಬರತ್ತೆ. ಇಸವಿ ಮೂರರಿಂದ ಪೂರ್ತಿ ಭಾಗ ಹೋದ್ರೆ ಆ ವರ್ಷ ಲೂಕ, ಹೋದ ವರ್ಷ 2025 ಹಂಗೇ ಇತ್ತು, ಈಗ ಮತ್ತಾಯ ನಡೀತಿದೆ. ಮತ್ತೆ ಜನವರೀಲಿ ದೇವರ ವಾಕ್ಯದ ಭಾನುವಾರ ಅಂತ ಮಾಡಿದ್ವಲ್ಲ, ಅದು ಫ್ರಾನ್ಸಿಸ್ ಪೋಪರು 2019ರಲ್ಲಿ ಶುರು ಮಾಡಿದ್ದು, ಅವತ್ತು ನಮ್ ಚರ್ಚಲ್ಲಿ ಮನೆಯಿಂದ ಬೈಬಲ್ ತನ್ನಿ ಅಂದಿದ್ರು. ತಂದ ಬೈಬಲ್‌ಗಳಲ್ಲಿ ಅರ್ಧಕ್ಕರ್ಧ ಹೊಸಾದಾಗೇ ಇದ್ವು, ಪುಟ ಅಂಟ್ಕೊಂಡು. ನಮ್ದು ಮಾತ್ರ ಹೊಗೆ ಬಣ್ಣ. ಸ್ವಲ್ಪ ಜಂಬ ಬಂತು, ಪಾಪ ನಿವೇದನೇಲಿ ಹೇಳ್ಕೋಬೇಕು.

ಓದ್ತಾ ಓದ್ತಾ ಮೈ ಜುಂ ಅಂದಿದ್ದು ಎರಡು ಕಡೆ. ಒಂದು, ಪರಮಪ್ರಸಾದಕ್ಕೆ ಮುಂಚೆ ನಾನು ಯೋಗ್ಯನಲ್ಲ ಸ್ವಾಮಿ, ಒಂದು ಮಾತು ಹೇಳಿ ಸಾಕು ಅಂತ ಹೇಳ್ತೀವಲ್ಲ, ನಲವತ್ತು ವರ್ಷ ಹೇಳಿದೀನಿ, ಅದು ಒಬ್ಬ ರೋಮನ್ ಶತಾಧಿಪತಿ ತನ್ನ ಆಳಿಗೆ ಹುಷಾರಿಲ್ಲ ಅಂತ ಬಂದು ಬೇಡಿಕೊಂಡ ಮಾತು ಅಂತ ಮತ್ತಾಯ ಎಂಟನೇ ಅಧ್ಯಾಯಕ್ಕೆ ಬಂದಾಗಲೇ ಗೊತ್ತಾಗಿದ್ದು. ಆಳಿಗೋಸ್ಕರ! ನಾನು ಆಳುಗಳು ಇರೋ ಲೈನ್ ಮನೇಲಿ ಯಾರಿಗಾದ್ರೂ ಜ್ವರ ಅಂದ್ರೆ ಇವತ್ತು ಎಷ್ಟು ಆಳು ಕಮ್ಮಿ ಅಂತ ಫಸ್ಟ್ ಎಣಿಸೋನು.

ಇನ್ನೊಂದು ಅದೇ ಮತ್ತಾಯ ಇಪ್ಪತ್ತನೇ ಅಧ್ಯಾಯ, ದ್ರಾಕ್ಷಿ ತೋಟದ ಕೂಲಿಯೋರ ಕಥೆ, ಈ ವರ್ಷ ಸೆಪ್ಟೆಂಬರಲ್ಲಿ ಭಾನುವಾರದ ವಾಚನಕ್ಕೆ ಬರತ್ತೆ. ಮುಂಜಾನೆ ಬಂದೋರು, ಒಂಬತ್ತು ಗಂಟೆಗೆ ಬಂದೋರು, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೆ ಬಂದೋರು, ಎಲ್ರಿಗೂ ಒಂದೇ ಕೂಲಿ, ಅದೂ ಕೊನೇಲಿ ಬಂದೋರಿಗೆ ಮೊದಲು ಬಟವಾಡೆ. ಇದನ್ನ ಒಂದು ಶನಿವಾರ ರಾತ್ರಿ ಓದ್ದೆ, ಅವತ್ತು ಮಧ್ಯಾಹ್ನ ತಾನೇ ಲೇಟಾಗಿ ಬಂದ ಒಬ್ಬಳಿಗೆ ಅರ್ಧ ಕೂಲಿ ಹಿಡಿದಿದ್ದೆ, ಮಗುಗೆ ವಾಂತಿ ಅಂತ ಆಸ್ಪತ್ರೆಗೆ ಹೋಗಿದ್ಳಂತೆ. ಓದಿ ನಿಲ್ಲಿಸ್ದೆ. ಅತ್ತೆ "ಯಾಕಪ್ಪ ಮುಂದೆ ಇಲ್ವಾ" ಅಂದ್ರು. ಈ ಲೆಕ್ಕದಲ್ಲಿ ಬಟವಾಡೆ ಮಾಡಿದ್ರೆ ನನ್ ಕೆಲಸ ಹೋಗತ್ತೆ ಅತ್ತೆ ಅಂದೆ. "ಹೋಗ್ಲಿ ಬಿಡು, ತೋಟ ನಿಂದಲ್ಲ" ಅಂದ್ರು. ಸೋಮವಾರ ಆ ಅರ್ಧ ದಿನ ನನ್ ಜೇಬಿಂದ ಕೊಟ್ಟೆ, ಪುಸ್ತಕದಲ್ಲಿ ಬರೀಲಿಲ್ಲ.

ಪಕ್ಕದ ಮನೆಯೋರು, ಅದೇ ನನ್ 66ರ ಪುಸ್ತಕ ತಗೊಂಡೋರು, ಬೈಬಲ್ ಒಂದೇ ಸಾಕು, ನಿಮಗೆ ಸಂಪ್ರದಾಯ, ಪೋಪರ ಬೋಧನೆ ಎಲ್ಲಾ ಯಾಕೆ ಅಂತ ಆಗಾಗ ಕೆಣಕ್ತಾರೆ. ಒಳ್ಳೆ ಮನುಷ್ಯ, ಕಾಯಿಲೆ ಅಂದ್ರೆ ಮೊದಲು ಓಡಿ ಬರೋರು ಅವ್ರೇ. ನಂಗೆ ತಿಳಿದಷ್ಟು ಹೇಳ್ತೀನಿ, ಯಾವ್ಯಾವ ಗ್ರಂಥ ಪವಿತ್ರ ಅಂತ ಪಟ್ಟಿ ಬೈಬಲಿನ ಒಳಗೆ ಎಲ್ಲೂ ಇಲ್ಲ, ಪಟ್ಟಿ ಮಾಡಿದ್ದು ಧರ್ಮಸಭೆ, ಪುಸ್ತಕ ಬರೋಕೆ ಮುಂಚೆ ಬಾಯಿಂದ ಬಾಯಿಗೆ ಬೋಧನೆ ಇತ್ತು, ಎರಡೂ ಒಂದೇ ಬುಗ್ಗೆ ನೀರು ಅಂತ. ಅವ್ರು ಒಪ್ಪಲ್ಲ, ನಾನೂ ಬಿಡಲ್ಲ, ಕಾಫಿ ಕುಡಿದು ಎದ್ದು ಹೋಗ್ತಾರೆ.

ಈಗ ರಾತ್ರಿ ಜಪಸರ ಆದ್ಮೇಲೆ ತೊಬಿತನ ಗ್ರಂಥ ನಡೀತಿದೆ, ಅತ್ತೆ ಆಸೆ. ತೊಬಿತ ಅಪ್ಪ, ಗೋಡೆ ಪಕ್ಕ ಮಲಗಿದ್ದಾಗ ಗುಬ್ಬಿ ಹಿಕ್ಕೆ ಕಣ್ಣಿಗೆ ಬಿದ್ದು ಬೆಳ್ಳಗೆ ಪೊರೆ ಬಂದು ಕುರುಡಾಗ್ತಾನೆ. ಮಗ ತೊಬಿಯಾಸ ದೂರದೂರಿಗೆ ಹೋಗ್ತಾನೆ, ಜೊತೆಗೆ ಮನುಷ್ಯ ರೂಪದಲ್ಲಿ ರಫಾಯೇಲ್ ದೂತ, ಹಿಂದೆ ಒಂದು ನಾಯಿ. ತಿಗ್ರಿಸ್ ಹೊಳೇಲಿ ಮೀನು ಹಿಡಿದು ಅದರ ಪಿತ್ತ ಎತ್ತಿಟ್ಕೊಳ್ತಾರೆ. ಪೊರೆ ಅಂದ ಕೂಡ್ಲೇ ಅತ್ತೆ ನೆಟ್ಟಗೆ ಕೂತ್ರು, ಆಮೇಲಿಂದ ದಿನಾ ಸಂಜೆನೇ "ಇವತ್ತು ಮುಂದಕ್ಕೆ ಓದ್ತೀಯಲ್ಲಪ್ಪ" ಅಂತ ಶುರು. ಅವ್ರ ಆಪರೇಷನ್ ಮುಂದಿನ ತಿಂಗಳಿಗೆ ನಿಂತಿದೆ, ಈ ಸಲ ಮುಂದಕ್ಕೆ ಹಾಕಲ್ಲ ಅಂತ ಅವ್ರೇ ಹೇಳಿದಾರೆ. ನಿನ್ನೆ ಹತ್ತನೇ ಅಧ್ಯಾಯಕ್ಕೆ ನಿಲ್ಲಿಸಿದ್ವಿ. ಮಗ ಇನ್ನೂ ಬರ್ಲಿಲ್ಲ ಅಂತ ತಾಯಿ ದಾರಿ ಕಾಯೋ ಭಾಗ. ದೀಪ ಆರಿಸಕ್ಕೆ ಎದ್ರೆ ಕತ್ತಲಲ್ಲಿ ಅತ್ತೆ ಕೇಳಿದ್ರು, "ಮೀನಿನ ಪಿತ್ತ ಎಲ್ಲಾ ಇರ್ಲಿ ಕಣಪ್ಪ, ಆ ನಾಯಿ ಏನಾಯ್ತು? ಆಮೇಲೆ ಸುದ್ದಿನೇ ಇಲ್ವಲ್ಲ."

ಮುಂದೆ ನೋಡಿ ಇಟ್ಟಿದೀನಿ. ಹನ್ನೊಂದನೇ ಅಧ್ಯಾಯದಲ್ಲಿ ವಾಪಸ್ ಬರೋವಾಗ ಹಿಂದೆನೇ ಬರತ್ತೆ. ಅತ್ತೆಗೆ ಹೇಳಿಲ್ಲ, ಇವತ್ತು ರಾತ್ರಿ ಓದಿದಾಗ ಕೇಳ್ಲಿ.